ಮಣೆಯ ಮೇಲಿನ ರಾಜ್ಯ: ಮುಮ್ಮಡಿ ಕೃಷ್ಣರಾಜ ಒಡೆಯರು

ಅಂಕೋಲೆಯ ಬಾಳೆಗುಳಿಯಲ್ಲಿ ಎರಡು ಹೆದ್ದಾರಿಗಳು ಕೂಡುತ್ತವೆ. ಒಂದು ಕಡಲಿನ ಮಗ್ಗುಲಿನಲ್ಲಿಯೇ ಕಾರವಾರದ ಕಡೆಗೂ ಕುಮಟೆಯ ಕಡೆಗೂ ಸಾಗಿದರೆ, ಇನ್ನೊಂದು ಇಲ್ಲಿಂದ ಕವಲೊಡೆದು ಅರಬೈಲು ಘಟ್ಟವನ್ನೇರಿ ಹುಬ್ಬಳ್ಳಿಯ ದಾರಿ ಹಿಡಿಯುತ್ತದೆ. ಮಳೆಗಾಲದಲ್ಲಿ ಘಟ್ಟದ ಮೇಲೆ ಮಣ್ಣು ಕುಸಿದು ವಾಹನಗಳು ನಿಂತುಬಿಟ್ಟರೆ, ಪ್ರಯಾಣ ಹೊರಟ ನೆಂಟರು ಹಿಂದಿರುಗಿ ನಮ್ಮ ಜಗಲಿಯಲ್ಲಿ ಕುಳಿತುಕೊಳ್ಳುವುದೂ ಉಂಟು. ಅಂತಹ ಒಂದು ಸಂಜೆ, ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ತಮ್ಮನ ಮಗನು ಮನೆಯ ಮಕ್ಕಳನ್ನೆಲ್ಲ ಸುತ್ತಲೂ ಕೂಡಿಸಿಕೊಂಡು ಒಂದು ಹೊಸ ಬಗೆಯ ಆಟವನ್ನು ಹೂಡಿದನು. ದೊಡ್ಡಪ್ಪನೂ ಬಂದು ಕೂರಬೇಕೆಂದು ಅವನು ಹಟ ಹಿಡಿದುದರಿಂದ ನಾನೂ ಒಂದು ವೇಷವನ್ನು ಒಪ್ಪಿಕೊಳ್ಳಬೇಕಾಯಿತು.

ಆಟದ ಮರ್ಮ ಇಷ್ಟೇ. ಒಬ್ಬನು ಕಥೆಯನ್ನು ನಡೆಸುತ್ತಾನೆ. ಉಳಿದವರಲ್ಲಿ ಒಬ್ಬನು ಯೋಧ, ಒಬ್ಬಳು ಮಾಯಾವಿನಿ, ಇನ್ನೊಬ್ಬನು ಕಳ್ಳ. ತಮ್ಮ ಪಾತ್ರ ಏನು ಮಾಡುವುದೆಂದು ಅವರವರೇ ಹೇಳಬೇಕು. ಅದು ಕೈಗೂಡಿತೇ ಇಲ್ಲವೇ ಎಂಬುದನ್ನು ದಾಳ ಹೇಳುತ್ತದೆ. 1974ರಲ್ಲಿ ಅಮೆರಿಕದಲ್ಲಿ ಅಚ್ಚಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬುದು ಈ ಜಾತಿಯ ಆಟಗಳ ಮೂಲಪುರುಷ. ಅದರ ನಿಯಮಗಳು ಈಗ ನೂರಾರು ಪುಟಗಳ ಹೊತ್ತಗೆಗಳಾಗಿ ಬೆಳೆದಿವೆಯಂತೆ. ನಮ್ಮ ಹುಡುಗನು ಅವನ್ನೆಲ್ಲ ಬದಿಗಿಟ್ಟು ನಾಲ್ಕೇ ಮಾತಿನ ನಿಯಮ ಮಾಡಿದ್ದನು: ದಾಳದಲ್ಲಿ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಗೆಲುವು, ಕಡಿಮೆ ಬಿದ್ದರೆ ಪೇಚು, ಯಾರೂ ಸಾಯುವುದಿಲ್ಲ, ಊಟಕ್ಕೆ ಕರೆ ಬರುವುದರೊಳಗೆ ಕಥೆ ಮುಗಿಯಬೇಕು. ಕೋಟೆಯ ಬಾಗಿಲಲ್ಲಿ ಅಡ್ಡನಿಂತ ರಾಕ್ಷಸನಿಗೆ, ಎಲ್ಲರಿಗಿಂತ ಚಿಕ್ಕವಳಾದ ಮಾಯಾವಿನಿ ಕತ್ತಿಯನ್ನೆತ್ತದೆ ಒಂದು ಕರಿ ಇಷಾಡ ಮಾವಿನ ಹಣ್ಣನ್ನು ಕೊಟ್ಟಳು. ದಾಳದಲ್ಲಿ ಆರು ಬಿತ್ತು. ರಾಕ್ಷಸನು ಅವಳ ಅಣ್ಣನಾದನು. ಜಗಲಿಯೆಲ್ಲ ನಗೆಯಾಯಿತು.

ಇದು ನಮಗೆ ತೀರ ಹೊಸದೆಂದು ಹೇಳುವಂತಿಲ್ಲ. ತಾಳಮದ್ದಳೆಯನ್ನು ಕಂಡ ಉತ್ತರ ಕನ್ನಡದವರಿಗೆ, ವೇಷವಿಲ್ಲದೆ ಕುಳಿತಲ್ಲಿಯೇ ಒಬ್ಬನು ಕೃಷ್ಣನಾಗಿ ಇನ್ನೊಬ್ಬನು ಕೌರವನಾಗಿ, ಭಾಗವತನ ಪದ್ಯದ ಆಧಾರದ ಮೇಲೆ ಅಲ್ಲಿಯೇ ಮಾತು ಹೊಸೆದು ಒಂದು ರಾತ್ರಿಯಲ್ಲಿ ಪ್ರಸಂಗವನ್ನು ಮುಗಿಸುವುದು ಗೊತ್ತಿರುವ ಸಂಗತಿಯೇ. ಆದರೆ ಮಣೆ, ದಾಳ, ಎಲೆಗಳನ್ನಿಟ್ಟುಕೊಂಡು ದೇವತೆಗಳನ್ನೂ ಗ್ರಹಗಳನ್ನೂ ದಿಕ್ಪಾಲಕರನ್ನೂ ಆಟಕ್ಕೆ ಇಳಿಸಿದವರು ನಮ್ಮಲ್ಲಿ ಯಾರಾದರೂ ಇದ್ದರೇ? ಆ ರಾತ್ರಿ ಮಲಗಿದಾಗ ಈ ಪ್ರಶ್ನೆ ನನ್ನನ್ನು ಕಾಡಿತು. ಉತ್ತರವಾಗಿ ನೆನಪಿಗೆ ಬಂದವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. ನಿಜವಾದ ರಾಜ್ಯ ಕೈಬಿಟ್ಟುಹೋದ ಮೇಲೆ ಮಣೆಯ ಮೇಲೆ ರಾಜ್ಯಗಳನ್ನು ಕಟ್ಟಿದ ಆ ದೊರೆಯ ಬಾಳನ್ನು ಆಟದ ಕಡೆಯಿಂದ ಒಮ್ಮೆ ನೋಡುವುದು ಅನುಚಿತವಾಗಲಾರದು.

ಅವರು ಹುಟ್ಟಿದುದು 1794ರ ಜುಲೈ 14ರಂದು, ಶ್ರೀರಂಗಪಟ್ಟಣದಲ್ಲಿ. ತಂದೆ ಖಾಸಾ ಚಾಮರಾಜ ಒಡೆಯರು ಹೆಸರಿಗೆ ಮಾತ್ರ ಅರಸರು. ಅಧಿಕಾರವೆಲ್ಲ ಟಿಪ್ಪು ಸುಲ್ತಾನನದು. 1796ರಲ್ಲಿ ಚಾಮರಾಜರು ತೀರಿಕೊಂಡಾಗ ಸುಲ್ತಾನನು ಕೂಸಿಗೆ ಪಟ್ಟ ಕಟ್ಟುವ ಶಾಸ್ತ್ರವನ್ನೂ ನಡೆಸಲಿಲ್ಲ. ರಾಜಪರಿವಾರವನ್ನು ಅರಮನೆಯಿಂದ ಹೊರಗೆ ಹಾಕಿಸಿದನು. ಹೀಗೆ ಎರಡು ವರ್ಷದ ಮಗು ಬಡಮನೆಯೊಂದರಲ್ಲಿ ಬೆಳೆಯತೊಡಗಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಮಡಿದನು. ಗೆದ್ದವರು ರಾಜ್ಯವನ್ನು ಹಂಚಿಕೊಂಡರು. ನಮ್ಮ ಅಂಕೋಲೆಯನ್ನೊಳಗೊಂಡ ಕೆನರಾ ಕರಾವಳಿ ನೇರವಾಗಿ ಕಂಪನಿಯ ವಶವಾಯಿತು. ನಡುವೆ ಉಳಿದ ಭಾಗಕ್ಕೆ ಹಳೆಯ ರಾಜವಂಶದ ಐದು ವರ್ಷದ ಬಾಲಕನನ್ನು ದೊರೆಯೆಂದು ನಿಲ್ಲಿಸಿದರು. ಹಳೆಯ ಮೈಸೂರು ಪಟ್ಟಣವನ್ನು ಟಿಪ್ಪು ಕೆಡವಿಸಿದ್ದುದರಿಂದ ಜೂನ್ 30ರ ಪಟ್ಟಾಭಿಷೇಕ ಒಂದು ಚಪ್ಪರದಲ್ಲಿ ನಡೆಯಬೇಕಾಯಿತು. ಆ ಮಗುವನ್ನು ಸಿಂಹಾಸನದಲ್ಲಿ ಕುಳ್ಳಿರಿಸಿದಾಗ, ಚದುರಂಗದ ಮಣೆಯ ಮೇಲೆ ಯಾರೋ ಒಬ್ಬರು ಅರಸನ ಕಾಯಿಯನ್ನು ಇಟ್ಟಂತೆಯೇ ಆಯಿತು.

ಆಟದ ನಿಯಮಗಳನ್ನೂ ಇಟ್ಟವರೇ ಬರೆದರು. ಅದೇ ಜುಲೈ ತಿಂಗಳಿನ ಒಪ್ಪಂದದಂತೆ ಮೈಸೂರು ವರ್ಷಕ್ಕೆ ಏಳು ಲಕ್ಷ ವರಹಗಳನ್ನು ಕಂಪನಿಗೆ ತೆರಬೇಕು. ಈ ಹಣ ಸಲ್ಲುವುದು ಅನುಮಾನವೆಂದು ಕಂಡರೆ ಆಡಳಿತವನ್ನು ಕಂಪನಿಯವರು ವಹಿಸಿಕೊಳ್ಳಬಹುದು. ಈ ಒಂದು ಕಟ್ಟಳೆ ಮೂವತ್ತೆರಡು ವರ್ಷಗಳ ಕಾಲ ಮೌನವಾಗಿ ಕುಳಿತಿದ್ದು ಆಮೇಲೆ ಎದ್ದು ಬಂದಿತು.

ಬಾಲ್ಯದಲ್ಲಿ ಅಜ್ಜಿ ಲಕ್ಷ್ಮಮ್ಮಣ್ಣಿಯವರ ಪಾಲನೆ, ರಾಜ್ಯದಲ್ಲಿ ದಿವಾನ್ ಪೂರ್ಣಯ್ಯನವರ ಆಡಳಿತ. 1810ರಲ್ಲಿ ಲಕ್ಷ್ಮಮ್ಮಣ್ಣಿಯವರು ಕಾಲವಾದರು. 1811ರಲ್ಲಿ ಪೂರ್ಣಯ್ಯನವರು ಅಧಿಕಾರವನ್ನೊಪ್ಪಿಸಿ ನಿವೃತ್ತರಾಗಿ, ಮರುವರ್ಷವೇ ತೀರಿಕೊಂಡರು. ಹದಿನೇಳರ ಹರೆಯದ ದೊರೆಗೆ ಬುದ್ಧಿ ಹೇಳುವ ಹಿರಿಯರಿಬ್ಬರೂ ಹೀಗೆ ಒಂದೇ ಕಾಲದಲ್ಲಿ ಇಲ್ಲವಾದರು. ಅವರು ದಾನಶೀಲರು, ವಿದ್ಯಾಪಕ್ಷಪಾತಿಗಳು. ಕವಿ, ಗಾಯಕ, ಶಾಸ್ತ್ರಿ, ಚಿತ್ರಗಾರ, ಜಟ್ಟಿ ಎಲ್ಲರೂ ಆಸ್ಥಾನದ ಬಾಗಿಲಿಗೆ ಬಂದರು. ಚಾಮುಂಡಿಬೆಟ್ಟದ ದೇವಾಲಯದ ಗೋಪುರ 1827ರಲ್ಲಿ ಎದ್ದುದು ಅವರಿಂದಲೇ. ಅಭಿನವ ಭೋಜರೆಂಬ ಕೀರ್ತಿ ಸುಮ್ಮನೆ ಬರಲಿಲ್ಲ. ಆದರೆ ಬೊಕ್ಕಸದ ಲೆಕ್ಕವನ್ನು ಕಟ್ಟುನಿಟ್ಟಾಗಿ ನೋಡುವ ಗುಣ ಅವರಲ್ಲಿ ಇರಲಿಲ್ಲವೆಂಬುದನ್ನು ಮುಚ್ಚಿಡಲಾಗದು.

ಸೀಮೆಗಳ ಕಂದಾಯ ವಸೂಲಿಯನ್ನು ಶರತ್ತಿನ ಮೇಲೆ ಅಮಲ್ದಾರರಿಗೆ ಒಪ್ಪಿಸುವ ಪದ್ಧತಿಯಿಂದ ಅನರ್ಥವಾಯಿತು. ಇಂತಿಷ್ಟು ಹಣ ತರುತ್ತೇನೆಂದು ಮಾತು ಕೊಟ್ಟವನು ರೈತನ ಬೆನ್ನಿನ ಮೇಲೆ ಅದನ್ನು ತೆಗೆದನು. 1830ರಲ್ಲಿ ನಗರ ಸೀಮೆಯ ರೈತರು ಕೂಟಗಳನ್ನು ಕಟ್ಟಿ ತಿರುಗಿಬಿದ್ದರು. ಬೂದಿ ಬಸವಪ್ಪನೆಂಬವನು ನಗರದ ಗಾದಿಗೆ ತಾನೇ ಹಕ್ಕುದಾರನೆಂದು ನಿಂತನು. ಅದೇ ಹೊತ್ತಿನಲ್ಲಿ ಘಟ್ಟದ ಕೆಳಗೆ ಕಂಪನಿಯ ಕೆನರಾದಲ್ಲಿಯೂ ರೈತರ ಕೂಟಗಳೆದ್ದುವೆಂಬುದನ್ನು ನಾವು ಮರೆಯಬಾರದು. ಕಂದಾಯದ ಭಾರ ಅರಸನ ನಾಡಿಗೆ ಮಾತ್ರ ಮೀಸಲಾಗಿರಲಿಲ್ಲ. ಆದರೂ ಹೊಣೆ ಅರಸನ ತಲೆಗೇ ಬಂದಿತು. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕನು ಹಳೆಯ ಕಟ್ಟಳೆಯನ್ನು ತೋರಿಸಿ ಮೈಸೂರಿನ ಆಡಳಿತವನ್ನು ಕಂಪನಿಯ ಕೈಗೆ ತೆಗೆದುಕೊಂಡನು. ಮುಂದೆ ನಡೆದ ವಿಚಾರಣೆಯಲ್ಲಿ ದೊರೆಯ ಮೇಲಣ ದೂರುಗಳು ಅತಿಶಯವಾಗಿದ್ದುವೆಂದು ಕಂಡುಬಂದು, ರಾಜ್ಯದ ಒಂದು ಭಾಗವನ್ನಾದರೂ ಹಿಂದಿರುಗಿಸಬೇಕೆಂದು ಬೆಂಟಿಂಕನೇ ಸೂಚಿಸಿದನು. ಲಂಡನ್ನಿನ ನಿರ್ದೇಶಕರು ಒಪ್ಪಲಿಲ್ಲ.

ಆಗ ದೊರೆಗೆ ವಯಸ್ಸು ಮೂವತ್ತೇಳು. ಸಿಂಹಾಸನವಿದೆ, ದಸರೆಯ ದರ್ಬಾರಿದೆ, ಬಿರುದುಗಳಿವೆ, ಆಜ್ಞೆಯಿಲ್ಲ. ವರ್ಷಕ್ಕೆ ಒಂದು ಲಕ್ಷ ವರಹ, ನಿವ್ವಳ ಆದಾಯದಲ್ಲಿ ಐದನೆಯ ಒಂದು ಪಾಲು ಅವರಿಗೆ ಸಲ್ಲುತ್ತಿತ್ತು. ಆಡಳಿತದ ಕೇಂದ್ರ ಬೆಂಗಳೂರಿಗೆ ಹೋಯಿತು. 1834ರಿಂದ 1861ರ ವರೆಗೆ ಮಾರ್ಕ್ ಕಬ್ಬನ್ ಕಮಿಷನರಾಗಿ ನಾಡನ್ನಾಳಿದನು. ಇನ್ನೂ ಮೂವತ್ತಾರು ವರ್ಷ ಬದುಕಬೇಕಾಗಿದ್ದ ದೊರೆ ಅಷ್ಟು ಕಾಲವನ್ನು ಹೇಗೆ ಕಳೆಯಬೇಕು? ಬೇರೆ ಅರಸರಾಗಿದ್ದರೆ ಮದ್ಯದಲ್ಲಿಯೋ ಒಳಸಂಚಿನಲ್ಲಿಯೋ ಕಳೆದುಹೋಗುತ್ತಿದ್ದರೇನೋ. ಇವರು ವಿದ್ಯೆಯನ್ನು ಹಿಡಿದರು, ಆಟವನ್ನು ಹಿಡಿದರು.

ವಿದ್ಯೆಯ ಕೆಲಸ ಸಣ್ಣದಲ್ಲ. 1833ರಲ್ಲಿ ಅವರು ಮೈಸೂರಿನಲ್ಲಿ ತೆರೆದ ಉಚಿತ ಶಾಲೆಯಿಂದಲೇ ಮುಂದೆ ಮಹಾರಾಜ ಕಾಲೇಜು ಬೆಳೆಯಿತು. ಆಸ್ಥಾನದ ವಿದ್ವಾಂಸರ ನೆರವಿನಿಂದ ಸಿದ್ಧವಾದ ಶ್ರೀತತ್ತ್ವನಿಧಿ ಎಂಬ ಸಚಿತ್ರ ಮಹಾಗ್ರಂಥದಲ್ಲಿ ಒಂಬತ್ತು ನಿಧಿಗಳಿವೆ. ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ ಎಂಬ ಎಂಟು ನಿಧಿಗಳಲ್ಲಿ ದೇವತೆಗಳ ರೂಪ, ವರ್ಣ, ಆಯುಧ, ವಾಹನಗಳ ವಿವರಗಳೂ ಧ್ಯಾನಗಳೂ ತುಂಬಿವೆ. ಒಂಬತ್ತನೆಯದು ಕೌತುಕನಿಧಿ. ನೂರಿಪ್ಪತ್ತೆರಡು ಯೋಗಾಸನಗಳ ಚಿತ್ರಗಳಿರುವುದು ಇದರಲ್ಲಿಯೇ. ದೊರೆ ಕಲ್ಪಿಸಿದ ಎಲೆಯಾಟಗಳ ವಿವರ ಮತ್ತು ವರ್ಣಚಿತ್ರಗಳಿರುವುದೂ ಇದರಲ್ಲಿಯೇ. ಆಟವನ್ನು ದೇವತಾಲಕ್ಷಣದ ಪಕ್ಕದಲ್ಲಿ, ಅದೇ ಗ್ರಂಥದ ಹೊದಿಕೆಯೊಳಗೆ ಕೂಡಿಸಿದ ಧೈರ್ಯವನ್ನು ವಾಚಕರು ಗಮನಿಸಬೇಕು. ಕ್ರೀಡೆ ಹೊತ್ತುಗಳೆಯುವ ಹುಡುಗಾಟವಲ್ಲ, ಅದೂ ಒಂದು ನಿಧಿಯೆಂಬುದು ಅವರ ನಿಲುವು.

ಎಲೆಯಾಟವೆಂದರೆ ಇಂದಿನ ಇಸ್ಪೀಟಲ್ಲ, ಗಂಜೀಫಾ. ಬಾಬರನು 1527ರಲ್ಲಿ ಸಿಂಧದ ಗೆಳೆಯನೊಬ್ಬನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದುದು ಅವನ ಆತ್ಮಕಥೆಯಲ್ಲಿದೆ. ಅಕ್ಬರನೂ ಈ ಆಟವನ್ನು ತನ್ನ ಇಚ್ಛೆಯಂತೆ ತಿದ್ದಿದನು. ಎಲೆಗಳು ಗುಂಡಗಿರುತ್ತವೆ, ದಂತ, ಆಮೆಯ ಚಿಪ್ಪು, ಅಂಟು ಹಾಕಿ ಗಟ್ಟಿ ಮಾಡಿದ ಬಟ್ಟೆ ಇವುಗಳ ಮೇಲೆ ಚಿತ್ರ ಬರೆಯುತ್ತಿದ್ದರು. ಮೊಗಲರ ಆಟದಲ್ಲಿ ಎಂಟು ಬಣ್ಣ, ತೊಂಬತ್ತಾರು ಎಲೆ. ದಶಾವತಾರದ ಆಟದಲ್ಲಿ ಹತ್ತು ಬಣ್ಣ, ನೂರಿಪ್ಪತ್ತು ಎಲೆ. ಒಂದೊಂದು ಅವತಾರಕ್ಕೂ ರಾಜ, ಪ್ರಧಾನಿ, ಹತ್ತು ಅಂಕೆಗಳು. ಅರ್ಧದಷ್ಟು ಬಣ್ಣಗಳಲ್ಲಿ ಹತ್ತು ದೊಡ್ಡದು; ಉಳಿದರ್ಧದಲ್ಲಿ ಕ್ರಮ ತಿರುಗಿ, ಅಂಕೆಗಳೊಳಗೆ ಒಂದೇ ಎಲ್ಲಕ್ಕೂ ದೊಡ್ಡದು. ಹಗಲಿನಲ್ಲಿ ಆಡಿದರೆ ರಾಮನನ್ನು ಹಿಡಿದವನು ಮೊದಲು ಎಲೆ ಇಳಿಸಬೇಕು, ರಾತ್ರಿ ಆಡಿದರೆ ಕೃಷ್ಣನನ್ನು ಹಿಡಿದವನು. ಹೊರಗಿನ ಸೂರ್ಯಚಂದ್ರರು ಚಾಪೆಯ ಮೇಲಿನ ಆಟವನ್ನು ತಿದ್ದುವ ಈ ಕಟ್ಟಳೆ ಎಷ್ಟು ಸರಳ, ಎಷ್ಟು ಸೊಗಸು!

ಮುಮ್ಮಡಿಯವರು ಇಷ್ಟಕ್ಕೆ ತೃಪ್ತರಾಗಲಿಲ್ಲ. ತಮ್ಮ ಹೊಸ ಆಟಗಳನ್ನು ಛದ ಎಂದು ಕರೆದರು, ಛದವೆಂದರೆ ಎಲೆ. ಚಾಮುಂಡೇಶ್ವರೀ ಛದ, ನವಗ್ರಹ ಛದ, ದಿಕ್ಪಾಲ ಛದ, ಪಂಚಪಾಂಡವ ಛದ ಎಂದು ಹೆಸರುಗಳು ಸಾಗುತ್ತವೆ. ಸಾಮಾನ್ಯವಾಗಿ ಒಂದು ಬಣ್ಣಕ್ಕೆ ಹನ್ನೆರಡು ಅಂಕೆಯ ಎಲೆಗಳು, ಆರು ಚಿತ್ರದ ಎಲೆಗಳು. ಕೆಲವು ಆಟಗಳಲ್ಲಿ ಬಣ್ಣಗಳೇ ಹದಿನೆಂಟರಷ್ಟು. ಎಲೆಗಳ ಒಟ್ಟು ಸಂಖ್ಯೆ ಮುನ್ನೂರರುವತ್ತರ ವರೆಗೆ ಹೋಗುತ್ತದೆ. ಪುರಾಣಲೋಕವೆಲ್ಲ ಒಂದು ಪೆಟ್ಟಿಗೆಯೊಳಗೆ ಬಂದು ಕುಳಿತಂತೆ!

ಮಣೆಯಾಟಗಳಲ್ಲಿಯೂ ಇದೇ ಕಲ್ಪನೆ. ವೈಕುಂಠ ಏಕಾದಶಿಯ ರಾತ್ರಿ ಹಾವು ಏಣಿಗಳ ಪರಮಪದ ಸೋಪಾನವನ್ನು ಆಡಿದವರು ನಮ್ಮಲ್ಲಿ ಬಹಳ ಮಂದಿ. ದೊರೆಯ ದೇವೀಸಾಯುಜ್ಯ, ಶಿವಸಾಯುಜ್ಯಗಳೆಂಬ ಆಟಗಳಲ್ಲಿ ಕಾಯಿಯ ಗುರಿ ಎದುರಾಳಿಯನ್ನು ಹೊಡೆಯುವುದರಲ್ಲಿ ಮುಗಿಯುವುದಿಲ್ಲ. ದೇವರ ಸಾಯುಜ್ಯವನ್ನು ಸೇರುವುದೇ ಕೊನೆಯ ಮನೆ. ಬಾಳೆಗುಳಿಯ ಜಗಲಿಯಲ್ಲಿ ನಮ್ಮ ಮಾಯಾವಿನಿ ಕೋಟೆಯ ಬಾಗಿಲು ದಾಟಿದಂತೆ, ಅಲ್ಲಿಯೂ ಆಡುವವನು ತಾನೇ ಒಂದು ಜೀವವಾಗಿ ದಾರಿ ನಡೆಯುತ್ತಾನೆ.

ಚದುರಂಗದಲ್ಲಿ ಅವರ ಪ್ರೀತಿ ಕುದುರೆಯ ಮೇಲೆ. ಕುದುರೆಯು ತನ್ನ ಡೊಂಕುನಡೆಯಿಂದ ಮಣೆಯ ಎಲ್ಲ ಮನೆಗಳನ್ನೂ ಒಂದೊಂದು ಸಲ ಮಾತ್ರ ಮುಟ್ಟಿ ಬರುವಂತೆ ಮಾಡುವುದು ಬಹು ಹಳೆಯ ಸಮಸ್ಯೆ. ಒಂಬತ್ತನೆಯ ಶತಮಾನದ ರುದ್ರಟನ ಕಾವ್ಯಾಲಂಕಾರದಲ್ಲಿಯೇ ತುರಗಪದದ ಚಿತ್ರಕವಿತೆ ಇದೆ. ದೊರೆ ಇದರ ಮೇಲೆ ಇನ್ನೊಂದು ಕಷ್ಟವನ್ನು ಹೇರಿಕೊಂಡರು: ಕುದುರೆ ಇಟ್ಟ ಹೆಜ್ಜೆಗಳಿಗೆ ಒಂದು, ಎರಡು, ಮೂರು ಎಂದು ಅಂಕೆ ಹಾಕುತ್ತ ಹೋದರೆ ಪ್ರತಿಯೊಂದು ಸಾಲಿನ ಮೊತ್ತವೂ ಒಂದೇ ಆಗಿರಬೇಕು. ಅಡ್ಡಕ್ಕೆ ಹನ್ನೆರಡು, ಉದ್ದಕ್ಕೆ ಹನ್ನೆರಡು, ಒಟ್ಟು ನೂರನಲವತ್ತನಾಲ್ಕು ಮನೆಗಳ ಮಣೆಯಲ್ಲಿ ಅವರು ಇದನ್ನು ಸಾಧಿಸಿದರು. ಅಲ್ಲಿ ಅಡ್ಡಸಾಲಿನ ಮೊತ್ತವೂ ಉದ್ದಸಾಲಿನ ಮೊತ್ತವೂ 870. ಈ ವಿಷಯದ ಚರಿತ್ರೆ ಬರೆಯುವ ಪಾಶ್ಚಾತ್ಯರು ಇಂದಿಗೂ ಮೈಸೂರಿನ ದೊರೆಯ ಹೆಸರನ್ನು ಗೌರವದಿಂದ ಹೇಳುತ್ತಾರೆ. ಎಲ್ಲ ಮನೆಗೂ ಹೋಗಬೇಕು, ಯಾವ ಮನೆಗೂ ಎರಡನೆಯ ಸಲ ಹೋಗಬಾರದು, ಲೆಕ್ಕ ಎಲ್ಲೆಲ್ಲಿಯೂ ಸಮನಾಗಿರಬೇಕು: ಲೆಕ್ಕ ತಪ್ಪಿತೆಂಬ ಕಾರಣದಿಂದ ರಾಜ್ಯ ಕಳೆದುಕೊಂಡವರು ಇಂತಹ ಆಟವನ್ನು ಆರಿಸಿಕೊಂಡರೆಂಬುದನ್ನು ನೆನೆದರೆ ಮನಸ್ಸು ಕರಗುತ್ತದೆ.

ಆದರೆ ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಈ ಛದಗಳು ಅರಮನೆಯಿಂದ ಹೊರಗೆ ಹರಡಲಿಲ್ಲ. ಮುನ್ನೂರು ಎಲೆಗಳನ್ನು ಬರೆಸುವ ಹಣ ಯಾರಲ್ಲಿದೆ? ಅವುಗಳ ತಾರತಮ್ಯವನ್ನು ನೆನಪಿಟ್ಟುಕೊಳ್ಳುವ ಬಿಡುವು ಯಾರಿಗಿದೆ? ನೂರಿಪ್ಪತ್ತು ಎಲೆಗಳ ದಶಾವತಾರದ ಎಲೆಗಳನ್ನು ನಮಗೆ ಬಡಗಲಲ್ಲಿ, ಗೋವೆಯನ್ನು ದಾಟಿದರೆ ಸಿಗುವ ಸಾವಂತವಾಡಿಯಲ್ಲಿ ಇಂದಿಗೂ ಕೈಯಿಂದ ಬರೆಯುತ್ತಾರೆ. ಮೈಸೂರಿನ ಗಂಜೀಫಾ ಚಿತ್ರಕಲೆಯಾಗಿ ಉಳಿದಿದೆ. ದೊರೆಯ ಛದಗಳನ್ನು ಆಡುವ ಕೈಗಳಿಲ್ಲ. ಇತ್ತ ನಮ್ಮ ಚೆನ್ನೆಮಣೆಗೆ ಹದಿನಾಲ್ಕು ಗುಳಿ, ಒಂದು ಹಿಡಿ ಹುಣಸೆ ಬೀಜ ಸಾಕು. ಹುಲಿಕುರಿ ಆಟಕ್ಕೆ ನೆಲ, ಮಸಿ, ಕಲ್ಲು ಸಾಕು. ಅವುಗಳಿಗೆ ಯಾವ ರಾಜಾಶ್ರಯವೂ ಇರಲಿಲ್ಲ. ಆದರೂ ಆಷಾಢ ಬಂದರೆ ಈಗಲೂ ಕೆಲವು ಮನೆಗಳಲ್ಲಿ ಅಟ್ಟದಿಂದ ಕೆಳಗಿಳಿಯುತ್ತವೆ. ಆಟ ಬದುಕುವುದು ಅದರ ವೈಭವದಿಂದಲ್ಲ; ದಾರಿಹೋಕನೂ ಬಂದು ಕೂರಬಹುದಾದಷ್ಟು ಅದರ ಬಾಗಿಲು ತಗ್ಗಾಗಿದ್ದರೆ ಮಾತ್ರ. ದೊರೆಯ ಆಟದ ಬಾಗಿಲು ಅರಮನೆಯ ಬಾಗಿಲಿನಷ್ಟೇ ಎತ್ತರವಾಗಿತ್ತು.

ಹಾಗಾದರೆ ಆ ಮೂವತ್ತಾರು ವರ್ಷಗಳ ಆಟವೆಲ್ಲ ವ್ಯರ್ಥವೇ? ಪ್ರಜೆಗಳು ದಂಗೆಯೆದ್ದ ನಾಡಿನ ಅರಸನಿಗೆ ಅದು ಕೇವಲ ತಲೆ ಮರೆಸಿಕೊಳ್ಳುವ ಮಾರ್ಗವೇ? ಹಾಗೆಂದು ತೀರ್ಪು ಕೊಡುವ ಮೊದಲು ಅವರು ಆಡಿದ ಇನ್ನೊಂದು ದೀರ್ಘವಾದ ಆಟವನ್ನು ನೋಡಬೇಕು. ಅದರ ಮಣೆ ಮೈಸೂರಿನಿಂದ ಕಲ್ಕತ್ತೆಗೆ, ಕಲ್ಕತ್ತೆಯಿಂದ ಲಂಡನ್ನಿಗೆ ಹಬ್ಬಿತ್ತು. ಕಾಯಿಗಳು ಅರ್ಜಿಗಳು, ಓಲೆಗಳು. ರಾಜ್ಯವನ್ನು ಹಿಂದಿರುಗಿಸಿರೆಂದು ಅವರು ಬರೆದರು; ಇಲ್ಲವೆಂದು ಉತ್ತರ ಬಂದಿತು; ಮತ್ತೆ ಬರೆದರು. ಔರಸಪುತ್ರನಿಲ್ಲದ ಅರಸರ ರಾಜ್ಯಗಳನ್ನು ಡಾಲ್‌ಹೌಸಿ ಒಂದೊಂದಾಗಿ ನುಂಗಿದ ಕಾಲ ಅದು. ಮೈಸೂರಿನ ದೊರೆಗೂ ಔರಸಪುತ್ರನಿಲ್ಲ. ಅವರ ಕಣ್ಮುಚ್ಚುತ್ತಲೇ ರಾಜ್ಯ ಬ್ರಿಟಿಷರದೇ ಆಗುವುದೆಂದು ಅನೇಕರು ಕಾದಿದ್ದರು. 1865ರಲ್ಲಿ, ಎಪ್ಪತ್ತನ್ನು ದಾಟಿದ ಮುದುಕರು, ಚಾಮರಾಜೇಂದ್ರನೆಂಬ ಪುಟ್ಟ ಮಗುವನ್ನು ದತ್ತು ತೆಗೆದುಕೊಂಡರು. ಸರ್ಕಾರ ಮೊದಲು ಒಪ್ಪಲಿಲ್ಲ. ಅವರು ಬಿಡಲಿಲ್ಲ. 1867ರಲ್ಲಿ ಇಂಗ್ಲೆಂಡಿನ ಮಂತ್ರಿಮಂಡಲ ದತ್ತಕವನ್ನು ಮಾನ್ಯಮಾಡಿ, ಆ ಮಗು ಪ್ರಾಯಕ್ಕೆ ಬಂದಾಗ ರಾಜ್ಯವನ್ನು ಒಪ್ಪಿಸಲು ಸಮ್ಮತಿಸಿತು.

ಮರುವರ್ಷ, 1868ರ ಮಾರ್ಚ್ 27ರಂದು, ಮುಮ್ಮಡಿಯವರು ತೀರಿಕೊಂಡರು. ಚಾಮರಾಜೇಂದ್ರರಿಗೆ ಅಧಿಕಾರ ಬಂದುದು 1881ರಲ್ಲಿ. ಮೂವತ್ತಾರು ವರ್ಷ ಆಡಿದವರಿಗೆ ಗೆದ್ದ ಮಣೆಯನ್ನು ನೋಡುವ ಭಾಗ್ಯ ದೊರೆಯಲಿಲ್ಲ. ಆದರೆ ಮುಂದಿನ ಮೈಸೂರು, ಅದರ ಪ್ರಜಾಪ್ರತಿನಿಧಿ ಸಭೆ, ಅಣೆಕಟ್ಟುಗಳು, ವಿಶ್ವವಿದ್ಯಾನಿಲಯ, ಎಲ್ಲವೂ ಆ ಕೊನೆಯ ನಡೆಯ ಫಲವೆಂದರೆ ಅತಿಶಯೋಕ್ತಿಯಲ್ಲ. ಕುದುರೆಗೆ ನೂರನಲವತ್ತನಾಲ್ಕು ಮನೆಗಳ ದಾರಿ ಹುಡುಕಿದ ತಾಳ್ಮೆಯೇ ಅರ್ಜಿಗಳಿಗೂ ದಾರಿ ಹುಡುಕಿರಬೇಕು. ಸೋತ ಮೇಲೆಯೂ ಮಣೆಯ ಮುಂದಿನಿಂದ ಏಳದಿರುವುದನ್ನು ಆಟ ಅವರಿಗೆ ಕಲಿಸಿತು, ಇಲ್ಲವೇ ಆ ಗುಣವಿದ್ದುದರಿಂದಲೇ ಅವರು ಆಟಗಾರರಾದರು.

ಅವರು 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯಲ್ಲಿ ಆ ಆಟಗಳ ಗುರುತುಗಳು ಉಳಿದಿವೆ. ಮೈಸೂರಿಗೆ ಹೋದವರು ದೀಪ ಹಿಡಿದ ಹೆಂಗಸಿನ ಚಿತ್ರವನ್ನು ನೋಡಿ ಅವಸರದಿಂದ ಹೊರಗೆ ಬರುವ ಬದಲು ಅವುಗಳ ಮುಂದೆಯೂ ಒಂದು ಗಳಿಗೆ ನಿಲ್ಲಲಿ.

ಇತ್ತ ಬಾಳೆಗುಳಿಯಲ್ಲಿ ಘಟ್ಟದ ದಾರಿ ತೆರೆದು ನಮ್ಮ ಹುಡುಗನು ಊರಿಗೆ ಹೊರಟನು. ಹೊರಡುವಾಗ, ಮುಂದಿನ ರಜೆಗೆ ದೇವೀಸಾಯುಜ್ಯದ ಕಥೆಯೊಂದನ್ನು ತನ್ನ ನಾಲ್ಕು ಮಾತಿನ ನಿಯಮಕ್ಕೆ ಇಳಿಸಿ ತರುವೆನೆಂದು ಹೇಳಿದನು. ದೊರೆಯ ಕಲ್ಪನೆ, ಜಗಲಿಯ ನಿಯಮ. ಚಿಕ್ಕವಳು ಈಗಲೇ ಒಂದು ಇಷಾಡ ಹಣ್ಣನ್ನು ತನ್ನ ಪಾತ್ರದ ಚೀಲದಲ್ಲಿ ಬರೆದಿಟ್ಟುಕೊಂಡಿದ್ದಾಳೆ.